ಹೂವು ನಮಗೆ, ಎಲೆ ಹುಳಕ್ಕೆ

ನಮ್ಮ ಶಿರಸಿ ಕಡೆ ಅಂಗಳ ಅಂದರೆ ಅಡಿಕೆಯ ಆಸ್ತಿ. ದೀಪಾವಳಿ ಕಳೆದು ಕೊನೆಕೊಯ್ಲು ಶುರುವಾಯಿತೆಂದರೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಒಂದು ಕಡೆ ಕೆಂಪಡಿಕೆ, ಇನ್ನೊಂದು ಕಡೆ ಚಾಲಿ. ಅಂಥ ಜಾಗದಲ್ಲಿ ಗುಲಾಬಿ ನೆಡುವ ಮಾತೆತ್ತಿದರೆ ಮನೆಯವರು ಉತ್ತರ ಕೊಡುವುದಿಲ್ಲ, ಸುಮ್ನೆ ಮುಖ ನೋಡುತ್ತಾರೆ. ನಡು ಅಂಗಳದಲ್ಲಿ ನಿಲ್ಲುವ ಹಕ್ಕು ತುಳಸಿಗೆ ಮಾತ್ರ. ಉಳಿದ ಹೂವಿನ ಗಿಡಗಳೆಲ್ಲ ಅಂಚು ಹಿಡಿಯಬೇಕು. ಪಾಗಾರದ ಬುಡ, ದಣಪೆ ಎಂಬ ಬೇಲಿಬಾಗಿಲಿನ ಪಕ್ಕ, ದರೆಯ ಮೇಲೆ, ಬಚ್ಚಲ ನೀರು ಹರಿದು ಹೋಗುವ ಕಡೆ. ಅಲ್ಲೂ ಸಾಲದಿದ್ದರೆ ಕುಂಡ. ಕುಂಡವೆಂದರೆ ಪೇಟೆಯಿಂದ ತಂದದ್ದೇ ಆಗಬೇಕೆಂದಿಲ್ಲ. ಪೇಂಟಿನ ಡಬ್ಬಿ, ಎಣ್ಣೆ ಡಬ್ಬಿ, ಸಿಮೆಂಟಿನ ಚೀಲ, ತೂತು ಬಿದ್ದ ಹಂಡೆ, ಹಿಡಿ ಮುರಿದ ಬಕೆಟ್ಟು ಎಲ್ಲದಕ್ಕೂ ಎರಡನೇ ಜನ್ಮ ಇದೆ. ನಮ್ಮ ಮನೆಯಲ್ಲಂತೂ ಯಾವುದಾದರೂ ಪಾತ್ರೆ ಸೋರಲು ಶುರುವಾದರೆ ನನಗೆ ಒಳಗೊಳಗೇ ಖುಷಿ.

ಅಂಚಿನಲ್ಲಿದ್ದರೂ ಪರಿಮಳಕ್ಕೆ ಕೊರತೆ ಇಲ್ಲ. ಬೇಸಿಗೆಗೆ ಮಲ್ಲಿಗೆ, ಮಳೆಗಾಲಕ್ಕೆ ಸುಗಂಧಿ, ನವರಾತ್ರಿ ಹೊತ್ತಿಗೆ ಪಾರಿಜಾತ. ಘಟ್ಟ ಇಳಿದರೆ ಸುರಗಿ, ರಂಜೆ. ಅಂಕೋಲಾ, ಕುಮಟಾ ಕಡೆ ಸುರಗಿಯ ಮೊಗ್ಗು ಕೊಯ್ದು ದಂಡೆ ಕಟ್ಟುತ್ತಾರೆ. ಒಣಗಿ ಕಂದು ಬಣ್ಣಕ್ಕೆ ಬಂದ ಮೇಲೂ ಅದರ ಘಮ ಹೋಗುವುದಿಲ್ಲ, ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಇಟ್ಟುಕೊಳ್ಳುತ್ತಾರೆ. ಆದರೆ ಸುರಗಿ, ರಂಜೆ ಎರಡೂ ಮರ. ಹಂಡೆಗೆ ಒಗ್ಗುವ ಜಾತಿ ಅಲ್ಲ. ಭಟ್ಕಳದ ಮಲ್ಲಿಗೆಯ ಹೆಸರು ಕೇಳದವರಿಲ್ಲ. ಅದನ್ನು ನೋಡಿ ಆಸೆಪಟ್ಟು ಕುಂಡದಲ್ಲಿ ಮಲ್ಲಿಗೆ ಬೆಳೆಸುವವರು ನಮ್ಮೂರಲ್ಲಿ ಮನೆಗೊಬ್ಬರು. ಬಿಸಿಲು ಬೀಳುವ ಜಾಗ ಕೊಟ್ಟು, ಚಳಿಗಾಲದಲ್ಲಿ ಮುಲಾಜಿಲ್ಲದೆ ಸವರಿದರೆ ಬೇಸಿಗೆಯಲ್ಲಿ ದೇವರಿಗೂ ಆಗುತ್ತದೆ, ಜಡೆಗೂ ಆಗುತ್ತದೆ.

ಗಿಡ ಮಾರುವವರು ಈಚೆಗೆ ಹೊಸ ಮಾತು ಕಲಿತಿದ್ದಾರೆ. ‘ಒಳ್ಳೆ ಪರಿಮಳದ ಗಿಡ ಮೇಡಂ, ಚಿಟ್ಟೆನೂ ಬರ್ತದೆ’ ಎನ್ನುತ್ತಾರೆ. ಪರಿಮಳ ಮತ್ತು ಚಿಟ್ಟೆ ಒಂದೇ ದರದಲ್ಲಿ, ಒಂದೇ ಪ್ಲಾಸ್ಟಿಕ್ ಕೊಟ್ಟೆಯಲ್ಲಿ. ನನಗೆ ಈ ಮಾತು ಪೂರ್ತಿ ಒಪ್ಪಿಗೆ ಇಲ್ಲ. ಅರಳಿದ ಮಲ್ಲಿಗೆಯ ಮುಂದೆ ಒಂದು ಬೆಳಗ್ಗೆ ಕೂತು ನೋಡಿ. ಚಿಟ್ಟೆ ಪಕ್ಕದಲ್ಲೇ ಹಾರಿಕೊಂಡು ಹೋಗುತ್ತದೆ, ಬಹುತೇಕ ಈ ಕಡೆ ತಿರುಗುವುದೂ ಇಲ್ಲ. ಅದರ ತಪ್ಪಲ್ಲ. ಮಲ್ಲಿಗೆ, ಪಾರಿಜಾತ, ರಾತ್ರಿರಾಣಿ, ಸುಗಂಧಿ ಇವೆಲ್ಲ ಸಂಜೆ ಮೇಲೆ ಬಿರಿದು ಘಮ ಬಿಡುವ ಹೂಗಳು. ಹೆಚ್ಚಿನವು ಬಿಳಿ. ಕತ್ತಲಲ್ಲಿ ಕೆಂಪು ಹಳದಿ ಇಟ್ಟುಕೊಂಡು ಏನು ಮಾಡುವುದು? ಬಿಳಿಯಾದರೆ ಅಷ್ಟಿಷ್ಟು ಕಾಣುತ್ತದೆ, ಮಿಕ್ಕಿದ್ದನ್ನು ಪರಿಮಳ ನೋಡಿಕೊಳ್ಳುತ್ತದೆ. ಆ ಹೂಗಳು ಕರೆಯುತ್ತಿರುವುದು ರಾತ್ರಿಯ ಪತಂಗಗಳನ್ನು. ಚಿಟ್ಟೆ ಆ ಹೊತ್ತಿಗೆ ಎಲೆಯ ಅಡಿ ರೆಕ್ಕೆ ಮಡಚಿ ಮಲಗಿರುತ್ತದೆ. ನಾವೋ, ಪತಂಗಕ್ಕೆ ಹೋಗಬೇಕಾದ ಕರೆಯನ್ನು ನಡುವೆ ಹಿಡಿದು ಜಡೆಗೆ ಸೂಡಿಕೊಂಡಿದ್ದೇವೆ.

ಸುಗಂಧಿಯ ಹತ್ತಿರ ಇದನ್ನು ಚೆನ್ನಾಗಿ ನೋಡಬಹುದು. ನಮ್ಮ ಬಚ್ಚಲ ಹಿಂದೆ ಅದು ದೊಡ್ಡ ಹಿಂಡು ಕಟ್ಟಿದೆ. ಶುಂಠಿ, ಅರಿಶಿನದ ಕುಲದ್ದು. ಬುಡಕ್ಕೆ ಸದಾ ನೀರು ಬರುತ್ತಿದ್ದರೂ ಅದಕ್ಕೆ ಬೇಸರವಿಲ್ಲ. ಮಳೆ ಹೊಳವಾದ ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿಂದಿನ ಬಾಗಿಲು ತೆರೆದರೆ ಘಮ ಅಡುಗೆಮನೆಯ ತನಕ ಬರುತ್ತದೆ. ಕರೆಂಟಿಗೆ ಮಳೆಗಾಲದಲ್ಲಿ ನಮ್ಮ ಕಡೆ ಬರುವ ರೂಢಿ ಕಡಿಮೆ, ಹಾಗಾಗಿ ಕತ್ತಲೆಯೂ ಧಾರಾಳ. ಟಾರ್ಚಿನ ಬೆಳಕನ್ನು ಹೂವಿನ ಮೇಲೆ ಬಿಡದೆ ಸ್ವಲ್ಪ ಪಕ್ಕಕ್ಕೆ ಬಿಟ್ಟು ನಿಲ್ಲಬೇಕು. ಮೊದಲು ಸದ್ದು ಕೇಳುತ್ತದೆ, ಗುಂಯ್ ಎಂದು. ಆಮೇಲೆ ಬೂದು ಬಣ್ಣದ ದಪ್ಪ ಮೈಯೊಂದು ಹೂವಿನ ಎದುರು ಗಾಳಿಯಲ್ಲೇ ನಿಂತಿರುತ್ತದೆ. ಕೂರುವುದಿಲ್ಲ. ಸುರುಳಿ ಸುತ್ತಿಟ್ಟ ನಾಲಿಗೆಯನ್ನು ಬಿಚ್ಚಿ, ಆ ಉದ್ದ ಕೊಳವೆಯ ತಳಕ್ಕೆ ಇಳಿಸಿ, ಹೀರಿ, ಹಿಂದೆ ಸರಿದು ಪಕ್ಕದ ಹೂವಿಗೆ ಹೋಗುತ್ತದೆ. ಎಸಳಿಗೆ ಅದರ ಮೈ ತಾಗುವುದೂ ಇಲ್ಲ. ಸುಗಂಧಿ ಹೂವಿನ ಕೊಳವೆ ಅಷ್ಟು ಉದ್ದ ಯಾಕೆ ಎಂದು ಆಗ ಗೊತ್ತಾಗುತ್ತದೆ. ಗಿಡ್ಡ ನಾಲಿಗೆಯವರಿಗೆ ಅಲ್ಲಿ ಏನೂ ಸಿಗುವುದಿಲ್ಲ.

ಇದನ್ನು ಹಾಕ್ ಮಾತ್ ಎನ್ನುತ್ತಾರೆ. ಇದರ ಬಳಗದ ಒಂದು ಹುಳ ನಂದಿಬಟ್ಟಲು ಗಿಡವನ್ನು ರಾತ್ರೋರಾತ್ರಿ ಬೋಳು ಮಾಡುತ್ತದೆ. ಹಸಿರು ಮೈ, ತಲೆಯ ಹತ್ತಿರ ನೀಲಿ ಕಣ್ಣಿನ ಗುರುತು. ಬೆಳಿಗ್ಗೆ ಪೂಜೆಗೆ ಹೂ ಕೊಯ್ಯಲು ಹೋದವರು ಕೂಗಿಕೊಂಡೇ ವಾಪಸು ಬರುತ್ತಾರೆ.

ಹಾಗಾದರೆ ಹಗಲಿನ ಚಿಟ್ಟೆಗೆ ಏನು ಬೇಕು? ಪರಿಮಳ ಬೇಡವೆಂದಲ್ಲ, ಇದ್ದರೆ ಇರಲಿ. ಮೊದಲು ಬೇಕಾದದ್ದು ಬಿಸಿಲು. ಮೈ ಕಾಯದೆ ಅದು ಹಾರಲಾರದು. ಬೆಳಗಿನ ಹೊತ್ತು ಪಾಗಾರದ ಮೇಲೆ ರೆಕ್ಕೆ ಹರವಿ ಕೂತಿದ್ದರೆ ಅದು ಆಲಸ್ಯವಲ್ಲ, ಎಂಜಿನ್ ಬಿಸಿ ಮಾಡುವ ಕೆಲಸ. ಎರಡನೆಯದು ಬಣ್ಣ. ಜೇನುಹುಳಕ್ಕೆ ಕೆಂಪು ಸರಿಯಾಗಿ ಕಾಣುವುದಿಲ್ಲ, ಹಲವು ಚಿಟ್ಟೆಗಳಿಗೆ ಕಾಣುತ್ತದೆ. ಮೂರನೆಯದು ಕೂರಲು ಜಾಗ. ಒಂದೇ ಕಡೆ ನಿಂತು ಹತ್ತಾರು ಪುಟ್ಟ ಹೂಗಳಿಗೆ ನಾಲಿಗೆ ಹಾಕುವಂತಿದ್ದರೆ ಅದಕ್ಕೆ ಅನುಕೂಲ. ಅದಕ್ಕೇ ಕೇಪಳದ ಗೊಂಚಲು ಅದಕ್ಕೆ ಅಷ್ಟು ಇಷ್ಟ. ನಮ್ಮ ಬೆಟ್ಟದಲ್ಲಿ ತಾನಾಗಿ ಬೆಳೆಯುವ ಕೆಂಪು ಕೇಪಳವನ್ನು ತಂದು ದಣಪೆ ಪಕ್ಕ ನೆಟ್ಟರೆ ಯಾರೂ ಆರೈಕೆ ಮಾಡಬೇಕಾಗಿಲ್ಲ. ನರ್ಸರಿಯವರು ಅದರ ಗಿಡ್ಡ ತಳಿಗಳನ್ನು ಹಣ ತೆಗೆದುಕೊಂಡು ಕೊಡುತ್ತಾರೆ. ಬೆಟ್ಟದ್ದು ಪುಕ್ಕಟೆ, ಮತ್ತು ನನ್ನ ಕೇಳಿದರೆ ಅದೇ ಚಂದ. ಇನ್ನೊಂದು ರಥಪುಷ್ಪ. ಅಂತಸ್ತು ಅಂತಸ್ತಾಗಿ ಕಿತ್ತಳೆಗೆಂಪು ಹೂ ಬಿಡುವ, ಆಳೆತ್ತರ ಬೆಳೆಯುವ ಗಿಡ. ನೆರಳಿದ್ದರೂ ಪರವಾಗಿಲ್ಲ, ಬೇರಿನಿಂದ ಹಿಳ್ಳು ಒಡೆದು ಒಂದು ಹತ್ತಾಗುತ್ತದೆ. ದೊಡ್ಡ ಚಿಟ್ಟೆಗಳಿಗೆ ಅದು ಊಟದ ಮನೆ.

ಈಗ ಡೇರೆಯ, ಅಂದರೆ ಡೇಲಿಯಾ ಹೂವಿನ ವಿಷಯಕ್ಕೆ ಬರಬೇಕು. ಇದನ್ನು ಬರೆದ ಮೇಲೆ ಊರಲ್ಲಿ ನನಗೆ ಯಾರೂ ಹಿಳ್ಳು ಕೊಡಲಿಕ್ಕಿಲ್ಲ.

ಶಿರಸಿ, ಸಿದ್ದಾಪುರದ ಮಳೆಗಾಲದಲ್ಲಿ ಹೂವಿನ ರಾಜ್ಯಭಾರ ಡೇರೆಯದು. ಯಾರ ಮನೆಗೆ ಹೋದರೂ ಮೊದಲು ಅಂಗಳದಂಚಿನ ಡೇರೆ ನೋಡಿ ಆಮೇಲೆ ಒಳಗೆ ಹೋಗುವುದು. ಬಣ್ಣ ಎಣಿಸುವುದು, ಅಗಲ ಅಳೆಯುವುದು, ‘ಈ ನಮೂನೆದು ನಮ್ಮನೆಲ್ಲಿ ಇಲ್ಲೆ, ಒಂದು ಹಿಳ್ಳು ಇಟ್ಟಿರೇ’ ಎಂದು ಮಾತು ತೆಗೆದುಕೊಳ್ಳುವುದು. ಮದುವೆ ಮುಂಜಿಯಲ್ಲಿ ಗಂಡಸರು ಅಡಿಕೆ ರೇಟು ಮಾತಾಡುವಾಗ ಹೆಂಗಸರ ಕಡೆ ಡೇರೆ ಗಡ್ಡೆಯ ಮಾತು. ಬೇಸಿಗೆಯಲ್ಲಿ ಗಡ್ಡೆಯನ್ನು ಮರಳಲ್ಲೋ ಬೂದಿಯಲ್ಲೋ ಕಾಪಾಡಿ, ಮಳೆ ಹನಿದ ಕೂಡಲೇ ಮಣ್ಣಿಗೆ ಹಾಕಿ, ಕೋಲು ಕಟ್ಟಿ, ಮೇಲೆ ಸೋಗೆಯ ಮರೆ ಮಾಡಿ ಸಾಕುತ್ತಾರೆ. ಬೊಗಸೆ ತುಂಬುವ ಹೂ ಬಿಡುತ್ತದೆ. ಎಸಳಿನ ಮೇಲೆ ಎಸಳು, ಎಣಿಸಿ ಮುಗಿಯುವುದಿಲ್ಲ.

ಪರಿಮಳ ಸೊನ್ನೆ. ಅದು ಎಲ್ಲರಿಗೂ ಗೊತ್ತು, ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಂಡಿಲ್ಲ. ಚಿಟ್ಟೆಗೂ ಅದರಿಂದ ಹೆಚ್ಚು ಲಾಭ ಇಲ್ಲ. ಡೇರೆ, ಗೊಂಡೆ, ಸೇವಂತಿಗೆ ಇವುಗಳಲ್ಲಿ ನಾವು ಒಂದು ಹೂವು ಎನ್ನುವುದು ನಿಜವಾಗಿ ಪುಟ್ಟ ಪುಟ್ಟ ಹೂಗಳ ಸಂತೆ. ನಡುವೆ ಹಳದಿ ಬಟ್ಟು ಕಾಣುತ್ತದಲ್ಲ, ಅಲ್ಲಿರುವುದು ಮಕರಂದ ಇಟ್ಟುಕೊಂಡ ಕೊಳವೆ ಹೂಗಳು. ಸುತ್ತ ಇರುವ ಎಸಳು ಬೋರ್ಡು ಮಾತ್ರ. ಸುತ್ತು ಹೆಚ್ಚಾಗಬೇಕು, ಹೂ ತುಂಬಿಕೊಳ್ಳಬೇಕು ಎಂದು ಜನ ಆರಿಸುತ್ತಾ ಆರಿಸುತ್ತಾ ಬಂದ ಹಾಗೆ ನಡುವಿನ ಹಳದಿಯೆಲ್ಲ ಎಸಳಾಗಿ ಬದಲಾಯಿತು. ಅಂಗಡಿ ಇಲ್ಲ, ಬೋರ್ಡು ಮಾತ್ರ ಉಳಿಯಿತು. ಚಿಟ್ಟೆ ಬಣ್ಣ ನೋಡಿ ಬರುತ್ತದೆ, ಒಮ್ಮೆ ಕೂತು, ನಾಲಿಗೆ ಆಡಿಸಿ, ಏನೂ ಸಿಗದೆ ಹೋಗುತ್ತದೆ. ಒಂದೇ ಸುತ್ತು ಎಸಳಿನ, ನಡುವೆ ಹಳದಿ ತೆರೆದಿರುವ ಹಳೇ ಡೇರೆಯ ಮೇಲೆ ನೋಡಿ, ಚಿಟ್ಟೆ ಗಟ್ಟಿಯಾಗಿ ಕೂತಿರುತ್ತದೆ. ಆ ಹಳೇ ಜಾತಿಯನ್ನು ಈಗ ಯಾರೂ ಇಟ್ಟುಕೊಳ್ಳುವುದಿಲ್ಲ. ನಾನು ಕೊಟ್ಟಿಗೆಯ ಹಿಂದೆ ಇಟ್ಟುಕೊಂಡಿದ್ದೇನೆ, ನೆಂಟರ ಕಣ್ಣಿಗೆ ಬೀಳದ ಹಾಗೆ.

ಡೇರೆ ಮೂಲತಃ ಮೆಕ್ಸಿಕೋದ್ದು, ಅಲ್ಲಿಯ ರಾಷ್ಟ್ರೀಯ ಹೂವು. ಗೊಂಡೆ, ಜೀನಿಯಾ, ಸುಗಂಧರಾಜ ಎಲ್ಲ ಅಲ್ಲಿಂದಲೇ ಬಂದವು. ದಸರೆಗೆ ಬಾಗಿಲಿಗೆ ಕಟ್ಟುವ ಗೊಂಡೆಯ ಮಾಲೆಯ ಮನೆತನ ಹುಡುಕುತ್ತಾ ಹೋದರೆ ಸಮುದ್ರ ದಾಟಬೇಕಾಗುತ್ತದೆ. ಚಿಟ್ಟೆಗೆ ಅದೆಲ್ಲ ಲೆಕ್ಕಕ್ಕಿಲ್ಲ. ಮಕರಂದದ ವಿಷಯದಲ್ಲಿ ಅದು ಊರು ಕೇರಿ ಕೇಳುವುದಿಲ್ಲ. ಲಂಟಾನದಂಥ ಕಾಡು ನುಂಗುವ ಪೊದೆಯ ಮೇಲೂ ಸಂತೋಷವಾಗಿ ಕೂರುತ್ತದೆ. ಹಾಗಂತ ಲಂಟಾನ ನೆಡಬೇಕೆಂದಿಲ್ಲ. ಬೇಲಿಯಾಚೆ ಬೇಕಾದಷ್ಟಿದೆ.

ಕುಂಡದ ವಿಷಯದಲ್ಲಿ ನಮ್ಮ ಕಡೆಯ ಸಮಸ್ಯೆಯೇ ಬೇರೆ. ಬೇರೆ ಊರಿನವರು ಕುಂಡಕ್ಕೆ ಎಷ್ಟು ನೀರು ಹಾಕಬೇಕು ಎಂದು ಕೇಳುತ್ತಾರೆ, ನಾವು ಹೇಗೆ ನೀರು ಹೊರಗೆ ಕಳಿಸಬೇಕು ಎಂದು ನೋಡಬೇಕು. ವರ್ಷಕ್ಕೆ ಹೆಚ್ಚುಕಮ್ಮಿ 2500 ಮಿ.ಮೀ. ಮಳೆ, ಅದರಲ್ಲಿ ಮುಕ್ಕಾಲಕ್ಕಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ತಳದ ತೂತಿನ ಮೇಲೆ ಹೆಂಚಿನ ಚೂರು ಬೋರಲು ಹಾಕಿ, ಅದರ ಮೇಲೆ ಕೊಳೆತ ಅಡಿಕೆ ಸಿಪ್ಪೆ, ಆಮೇಲೆ ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ. ಕುಂಡವನ್ನು ನೆಲಕ್ಕೆ ತಾಗಿಸದೆ ಚಿರೆಕಲ್ಲಿನ ತುಂಡಿನ ಮೇಲೆ ಇಡಬೇಕು. ಮುಖ್ಯವಾಗಿ ಸೂರಿನ ನೀರು ಬೀಳುವ ಗೆರೆಯಿಂದ ದೂರ. ಹೆಂಚಿನಿಂದ ಬೀಳುವ ಧಾರೆ ಒಂದೇ ರಾತ್ರಿಯಲ್ಲಿ ಮಣ್ಣನ್ನೆಲ್ಲ ಕಲಕಿ ಬೇರು ಹೊರಗೆ ಹಾಕುತ್ತದೆ. ಮಲ್ಲಿಗೆಯ ಕುಂಡವನ್ನು ಈ ನಾಲ್ಕು ತಿಂಗಳು ಜಗಲಿಯ ಮೂಲೆಗೆ ತಂದಿಟ್ಟುಬಿಡುವುದೇ ಒಳ್ಳೆಯದು. ಜಗಲಿಯಲ್ಲಿ ಆಗಲೇ ಕಂಬಳಿ ಕೊಪ್ಪೆ, ಕೊಡೆ, ಒಣಗದ ಬಟ್ಟೆ ಎಲ್ಲ ಇರುತ್ತವೆ, ಮಲ್ಲಿಗೆಯೂ ಒಂದು.

ಮಳೆ ಹಿಂದೆ ಸರಿದು ಬಿಸಿಲು ಕಂಡ ಮೇಲೆ ನಮ್ಮ ಅಂಚುಗಳಲ್ಲಿ ಚಿಟ್ಟೆಯ ಸುಗ್ಗಿ. ಪಶ್ಚಿಮ ಘಟ್ಟದಲ್ಲಿ 330ಕ್ಕೂ ಹೆಚ್ಚು ಬಗೆಯ ಚಿಟ್ಟೆಗಳಿವೆ, ಅದರಲ್ಲಿ ಒಂದಷ್ಟಾದರೂ ಅಂಗಳ ದಾಟಿಯೇ ಹೋಗುತ್ತವೆ. ಅವು ಹೆಚ್ಚು ಸೇರುವುದು ಎಲ್ಲಿ ಗೊತ್ತಾ? ಕೊಟ್ಟಿಗೆಯ ಗಂಜಲ ಹರಿದು ಮಣ್ಣು ಒದ್ದೆಯಾದ ಜಾಗದಲ್ಲಿ. ನೀಲಿ ಪಟ್ಟೆಯವು, ಹಳದಿಯವು, ಸಾಲಾಗಿ ರೆಕ್ಕೆ ಮುಚ್ಚಿ ಕೂತು ಕೆಸರು ಹೀರುತ್ತಿರುತ್ತವೆ. ಹೆಚ್ಚಿನವು ಗಂಡು. ಮಕರಂದದಲ್ಲಿ ಸಿಹಿ ಇದೆ, ಉಪ್ಪು ಇಲ್ಲ. ಆ ಉಪ್ಪಿಗಾಗಿ ಅವು ಕೆಸರಿಗೆ ಬರುತ್ತವೆ, ಮತ್ತು ಹೆಣ್ಣಿಗೆ ಕೂಡುವಾಗ ಅದನ್ನು ದಾಟಿಸುತ್ತವೆ. ಪರಿಮಳದ ಗಿಡ ನೆಟ್ಟು ಚಿಟ್ಟೆಗೆ ಕಾಯುವವರು ಒಮ್ಮೆ ಇತ್ತ ಬಂದು ನೋಡಬೇಕು. ದನ ಇಲ್ಲದ ಮನೆಯವರು ಅಗಲ ತಟ್ಟೆಯಲ್ಲಿ ಮರಳು ಹಾಕಿ, ಒಂದು ಚಿಟಿಕೆ ಉಪ್ಪು ಬೆರೆಸಿ, ಒದ್ದೆ ಇಟ್ಟರೂ ನಡೆಯುತ್ತದೆ.

ಆದರೆ ಹೂವು, ಕೆಸರು ಇವೆರಡೂ ದಾರಿಹೋಕರಿಗೆ. ಬಂದರು, ಕುಡಿದರು, ಹೋದರು. ಚಿಟ್ಟೆ ನಮ್ಮ ಅಂಚಿನಲ್ಲೇ ಹುಟ್ಟಿ ಬೆಳೆಯಬೇಕೆಂದರೆ ಎಲೆ ಕೊಡಬೇಕು. ಇಲ್ಲೇ ಮನೆಯಲ್ಲಿ ತಕರಾರು ಶುರುವಾಗುವುದು.

ಕರಿಬೇವು ತೆಗೆದುಕೊಳ್ಳಿ. ಬಾವಿಯ ಪಕ್ಕ ದೊಡ್ಡ ಕುಂಡದಲ್ಲಿ ನಮ್ಮದೊಂದು ಗಿಡ ಇದೆ. ಕಪ್ಪು ಹಳದಿ ಚುಕ್ಕೆಯ ನಿಂಬೆ ಚಿಟ್ಟೆ ಬಂತೆಂದರೆ ಅದರ ನಡವಳಿಕೆಯಲ್ಲೇ ಗೊತ್ತಾಗುತ್ತದೆ, ಇದು ಕುಡಿಯಲು ಬಂದದ್ದಲ್ಲ ಎಂದು. ಹೂವಿನ ಕಡೆ ಹೋಗುವುದಿಲ್ಲ. ಎಲೆಯಿಂದ ಎಲೆಗೆ ಹಾರುತ್ತಾ, ರೆಕ್ಕೆ ನಿಲ್ಲಿಸದೆಯೇ ಮುಂಗಾಲಿನಿಂದ ಎಲೆಯನ್ನು ಪಟಪಟ ಬಡಿದು ನೋಡುತ್ತದೆ. ಚಿಟ್ಟೆಯ ರುಚಿ ಕಾಲಿನಲ್ಲಿದೆ. ಹೌದು, ಇದು ನಿಂಬೆ ಕುಲದ್ದೇ ಎಂದು ಕಾಲಿಗೆ ಖಾತ್ರಿಯಾದ ಮೇಲೆ ಹೊಟ್ಟೆ ಬಗ್ಗಿಸಿ ಒಂದು ಮೊಟ್ಟೆ ಇಡುತ್ತದೆ. ತಿಳಿ ಹಳದಿ, ಸಾಸಿವೆಗಿಂತ ಚಿಕ್ಕದು. ಒಂದೇ ಕಡೆ ಗುಡ್ಡೆ ಹಾಕುವುದಿಲ್ಲ, ಇಲ್ಲೊಂದು ಅಲ್ಲೊಂದು. ಯಾವಾಗಲೂ ಎಳೆ ಚಿಗುರಿಗೇ. ನಮ್ಮ ಒಗ್ಗರಣೆಗೂ ಬೇಕಾದದ್ದು ಅದೇ ಚಿಗುರು.

ಮೂರ್ನಾಲ್ಕು ದಿನಕ್ಕೆ ಹುಳ ಹೊರಬರುತ್ತದೆ. ಕಂದು ಮೈ, ನಡುವೆ ಬಿಳಿ ಪಟ್ಟಿ. ನೋಡಿದವರಿಗೆ ಹಕ್ಕಿ ಹಿಕ್ಕೆ ಅನಿಸಬೇಕು, ಹಕ್ಕಿಗೂ ಹಾಗೇ ಅನಿಸಬೇಕು. ಬೆಳೆದು ದೊಡ್ಡದಾದ ಮೇಲೆ ಈ ವೇಷ ನಡೆಯುವುದಿಲ್ಲ, ಅಷ್ಟು ದೊಡ್ಡ ಹಿಕ್ಕೆ ಯಾರು ನಂಬುತ್ತಾರೆ! ಆಗ ಪೊರೆ ಕಳಚಿ ಎಲೆಯ ಹಸಿರಿಗೆ ಬರುತ್ತದೆ. ಬೆರಳಿನಿಂದ ಮೆಲ್ಲಗೆ ಮುಟ್ಟಿದರೆ ತಲೆ ಎತ್ತಿ, ಕತ್ತಿನ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಗೆ ಹಾಕುತ್ತದೆ. ಜೊತೆಗೆ ಒಂದು ಥರದ ಹುಳಿ ಘಾಟು. ಕೈ ತೆಗೆದರೆ ಕೊಂಬು ಒಳಗೆ. ಪರಿಮಳದ ಗಿಡಗಳ ನಡುವೆ ಇದೂ ಒಂದು ವಾಸನೆ. ಮಕ್ಕಳಿಗೆ ಮಲ್ಲಿಗೆಗಿಂತ ಇದೇ ಇಷ್ಟ, ಬೇಕೆಂದೇ ಮುಟ್ಟಿ ಮೂಸುತ್ತಾರೆ.

ಅತ್ತೆಗೆ ಇದು ಇಷ್ಟ ಇಲ್ಲ. ‘ಕರಿಬೇವಿಗೆ ಹುಳ ಹತ್ತಿದ್ದು ನೋಡಿದ್ಯನೇ ಕೂಸೆ?’ ಎಂದರು. ನೋಡಿದ್ದೇನೆ ಎಂದೆ. ‘ನೋಡ್ಕ್ಯಂಡು ಸುಮ್ನಿದ್ಯ? ನಾಳೆ ಸಾರಿಗೆ ಒಗ್ಗರಣೆ ಎಂತದ್ರಲ್ಲಿ ಹಾಕ್ತ್ಯೆ?’ ಅದು ಚಿಟ್ಟೆ ಆಗ್ತದೆ ಅತ್ತೆ ಎಂದರೆ, ‘ಆಗ್ಲಿ, ಬ್ಯಾಡ ಹೇಳಿದ್ನಿಲ್ಲೆ. ಆಚೆಮನೆ ಕರಿಬೇವಲ್ಲಿ ಆಗ್ಲಿ’ ಎಂದರು. ಕಡೆಗೆ ಒಂದು ಒಪ್ಪಂದಕ್ಕೆ ಬಂದೆವು. ಕುಂಡದ ಕರಿಬೇವು ಅಡುಗೆಮನೆಗೆ, ಹಿತ್ತಲಿನ ಹಳೇ ನಿಂಬೆಗಿಡ ಹುಳಕ್ಕೆ. ಕುಂಡದಲ್ಲಿ ಹುಳ ಕಂಡರೆ ರೆಂಬೆ ಸಮೇತ ಎತ್ತಿ ನಿಂಬೆಗೆ ದಾಟಿಸುವ ಕೆಲಸ ನನ್ನದು. ಅಲ್ಲಿ ಎಳೆ ಎಲೆ ಇದ್ದರೆ ಅವು ತಕರಾರಿಲ್ಲದೆ ತಿನ್ನುತ್ತವೆ. ಆಮೇಲೆ ಪಿಕಳಾರ, ಕಣಜ, ಇರುವೆ ಎಲ್ಲ ಬಂದು ತಮ್ಮ ತಮ್ಮ ಪಾಲು ತೆಗೆದುಕೊಂಡು ಹೋಗುತ್ತವೆ. ಕೊನೆಗೆ ಚಿಟ್ಟೆಯಾಗಿ ಹಾರುವುದು ಬೆರಳೆಣಿಕೆಯಷ್ಟು. ಅತ್ತೆಯ ಒಗ್ಗರಣೆಗೆ ಇಲ್ಲಿಯ ತನಕ ತೊಂದರೆ ಆಗಿಲ್ಲ.

ಒಂದೊಂದು ಚಿಟ್ಟೆಗೆ ಒಂದೊಂದು ಎಲೆ. ಇದರಲ್ಲಿ ಅವು ಬಹಳ ಹಟಮಾರಿಗಳು. ಸಂಪಿಗೆಯ ಹೂವಿನ ಮೇಲೆ ನಮಗೆ ಕಣ್ಣು, ಅದರ ಎಲೆಯ ಮೇಲೆ ಟೇಲ್ಡ್ ಜೇ ಎಂಬ ಹಸಿರು ಚುಕ್ಕೆಯ, ಒಂದು ಕ್ಷಣ ನಿಲ್ಲದ ಚಿಟ್ಟೆಗೆ ಕಣ್ಣು. ಎಕ್ಕದ ಎಲೆ ಕಿತ್ತಳೆ ಬಣ್ಣದ ಪ್ಲೇನ್ ಟೈಗರಿಗೆ. ಕಾಡುಬಸಳೆಯ ದಪ್ಪ ಎಲೆಯ ಒಳಗೇ ಸುರಂಗ ಕೊರೆದುಕೊಂಡು ಬೆಳೆಯುವ ಪುಟ್ಟ ಹುಳ ಒಂದಿದೆ, ರೆಡ್ ಪಿಯರೋ ಅಂತ. ಹಾಲಿನ ಪ್ಯಾಕೆಟ್ಟಿನಷ್ಟು ಮಣ್ಣಿದ್ದರೂ ಕಾಡುಬಸಳೆ ಬೆಳೆಯುತ್ತದೆ, ಆದ್ದರಿಂದ ಜಾಗ ಇಲ್ಲ ಎನ್ನುವ ನೆಪ ನಡೆಯುವುದಿಲ್ಲ. ನಮ್ಮ ಸುಗಂಧಿಯ ಎಲೆಯನ್ನು ಸುರುಳಿ ಸುತ್ತಿ ಅದರೊಳಗೆ ಮನೆ ಮಾಡುವ ಗ್ರಾಸ್ ಡೀಮನ್ ಕೂಡ ಇದೆ. ಹೂವು ರಾತ್ರಿ ಪತಂಗಕ್ಕೆ, ಎಲೆ ಹಗಲಿನ ಚಿಟ್ಟೆಯ ಹುಳಕ್ಕೆ, ನಡುವೆ ದಂಡೆಗೆ ನಾಲ್ಕು ಹೂ ನಮಗೆ.

ಕಾರವಾರದಲ್ಲಿ ನನ್ನ ತಂಗಿಯ ಮನೆ. ಎರಡನೇ ಮಹಡಿ, ಸಮುದ್ರದ ಕಡೆ ಬಾಲ್ಕನಿ. ಉಪ್ಪುಗಾಳಿಗೆ ನಾಜೂಕಿನ ಗಿಡಗಳೆಲ್ಲ ಅಂಚು ಸುಟ್ಟುಕೊಂಡು ಹೋದವು. ನಿಂತದ್ದು ಅಬ್ಬಲಿಗೆ, ನಿತ್ಯಪುಷ್ಪ ಮತ್ತು ಒಂದು ಕಣಗಿಲೆ. ಕಣಗಿಲೆ ವಿಷದ ಗಿಡ, ಹಾಗಾಗಿ ದನಗಳಿರುವ ನಮ್ಮ ಅಂಗಳದಲ್ಲಿ ನಾನು ಇಟ್ಟಿಲ್ಲ. ಮಹಡಿಯ ಮೇಲೆ ದನ ಹತ್ತುವುದಿಲ್ಲ. ಒಂದು ದಿನ ಫೋನು ಮಾಡಿದವಳು ಕ್ಷೇಮ ಸಮಾಚಾರ ಕೂಡ ಕೇಳಲಿಲ್ಲ. ‘ಅಕ್ಕಾ, ಕಣಗಿಲೆ ಎಲೆ ಅಡಿಗೆ ಬೆಳ್ಳಿ ಜುಮಕಿ ತೂಗ್ತಾ ಇದ್ದಲೇ!’ ಎಂದಳು. ಫೋಟೋ ಕಳಿಸಿದಳು. ಕಾಮನ್ ಕ್ರೋ ಎಂಬ ಕಂದುಗಪ್ಪು ಚಿಟ್ಟೆಯ ಕೋಶ ಅದು. ಪೂರ್ತಿ ಬೆಳ್ಳಿಯ ಹೊಳಪು. ಫೋಟೋ ದೊಡ್ಡದು ಮಾಡಿ ನೋಡಿದರೆ ಅದರ ಉಬ್ಬಿನಲ್ಲಿ ಬಾಲ್ಕನಿಯ ಸರಳು, ಆಕಾಶ, ಫೋನು ಹಿಡಿದ ಅವಳ ಕೈ ಎಲ್ಲ ಬಗ್ಗಿ ಕಾಣುತ್ತಿತ್ತು. ಬಣ್ಣ ಬಳಿದು ಬಂದದ್ದಲ್ಲ ಅದು. ತೆಳು ಪದರಗಳ ಮೇಲೆ ಬೆಳಕು ಬಿದ್ದು ತಿರುಗಿ ಬರುವುದರಿಂದ ಹಾಗೆ ಕಾಣುತ್ತದೆ. ಚಿಟ್ಟೆ ಹೊರಬರುವ ಹೊತ್ತಿಗೆ ಆ ಹೊಳಪು ಹೋಗಿ ಒಳಗಿನ ಕಪ್ಪು ರೆಕ್ಕೆ ತೋರುತ್ತದೆ. ವಾರದ ಹಿಂದೆ ಅದೇ ಗಿಡದ ಎಲೆ ತಿಂದವೆಂದು ಅವಳು ಬೈದುಕೊಂಡ, ಕರಿ ಕೊಂಬಿನ ಪಟ್ಟೆ ಹುಳ ಇದೇ ಎಂದು ಹೇಳಿದೆ. ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

ಈ ಕ್ರೋ ಮತ್ತು ಟೈಗರ್ ಚಿಟ್ಟೆಗಳಲ್ಲಿ ಗಂಡಿಗೆ ಇನ್ನೊಂದು ಶೋಕಿ ಇದೆ. ಅವು ಅತ್ತರು ಹಾಕಿಕೊಳ್ಳುತ್ತವೆ. ನಿಜವಾಗಿಯೂ. ಹೊಟ್ಟೆಯ ತುದಿಯಲ್ಲಿ ಅಡಗಿಸಿಟ್ಟ ಕೂದಲಿನ ಕುಚ್ಚನ್ನು ಬಿಚ್ಚಿ ಹೆಣ್ಣಿನ ಎದುರು ಘಮ ಹರಡುತ್ತವೆ. ಆ ಘಮದ ಸಾಮಾನು ಬರುವುದು ಕೆಲವು ಗಿಡಗಳಿಂದ. ಬೇಲಿಯಲ್ಲಿ ಚಳಿಗಾಲಕ್ಕೆ ಹೂ ಬಿಡುವ ಯುಪಟೋರಿಯಂ, ಒಣಗಿದರೆ ಕಾಯಿ ಗಿಲಿಗಿಲಿ ಎನ್ನುವ ಸೆಣಬಿನ ಜಾತಿಯ ಕಾಡುಗಿಡ ಇಂಥವು. ಗಿಡ ಒಣಗಿ ನಿಂತಿದ್ದರೂ ಗಂಡುಗಳೆಲ್ಲ ಅದಕ್ಕೆ ಮುತ್ತಿಕೊಂಡು ಕೆರೆಯುತ್ತಿರುತ್ತವೆ. ನಮಗೆ ಮೂಗಿಗೆ ಹಿಡಿದರೂ ಅಲ್ಲಿ ಪರಿಮಳ ಸಿಗುವುದಿಲ್ಲ. ಯಾವುದು ಪರಿಮಳ ಎಂದು ತೀರ್ಮಾನಿಸುವ ಮೂಗು ನಮ್ಮದೊಂದೇ ಅಲ್ವಲ್ಲ.

ಕೊನೆಗೆ ದೊಡ್ಡವರ ವಿಷಯ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್. ಕಪ್ಪು ಮುಂರೆಕ್ಕೆ, ಬಂಗಾರದ ಹಳದಿಯ ಹಿಂರೆಕ್ಕೆ. ಬಿಚ್ಚಿದರೆ 14ರಿಂದ 19 ಸೆಂಟಿಮೀಟರ್ ಅಗಲ. ರಥಪುಷ್ಪದ ಮೇಲೆ ಬಂದಾಗ ಅದು ಪೂರ್ತಿ ಕೂರುವುದೂ ಇಲ್ಲ. ಕಾಲು ಊರಿ, ರೆಕ್ಕೆ ಆಡಿಸುತ್ತಲೇ ಕುಡಿಯುತ್ತದೆ, ಭಾರಕ್ಕೆ ಗೊಂಚಲು ಅಲ್ಲಾಡುತ್ತದೆ. ಇದರ ಹುಳ ತಿನ್ನುವುದು ಈಶ್ವರಿ ಬಳ್ಳಿ ಮತ್ತು ಅದರ ನೆಂಟರ ಎಲೆ ಮಾತ್ರ. ಬಳ್ಳಿ ವಿಷದ್ದು. ಆ ವಿಷವನ್ನು ಹುಳ ಮೈಯಲ್ಲಿ ಇಟ್ಟುಕೊಂಡು ಚಿಟ್ಟೆಯಾದ ಮೇಲೂ ಸಾಗಿಸುತ್ತದೆ, ಹಕ್ಕಿಗಳು ಒಮ್ಮೆ ರುಚಿ ನೋಡಿದರೆ ಮತ್ತೆ ಹತ್ತಿರ ಬರುವುದಿಲ್ಲ. ಮನುಷ್ಯರಿಗೂ ಅದು ಒಳ್ಳೆಯದಲ್ಲ, ಮೂತ್ರಪಿಂಡ ಹಾಳು ಮಾಡುತ್ತದೆ. ಔಷಧಿ ಬಳ್ಳಿ ಎಂದು ಕಷಾಯ ಮಾಡಿ ಕುಡಿಯುವವರಿಗೆ ಇದನ್ನು ಹೇಳುತ್ತಲೇ ಇರಬೇಕು.

ಈಶ್ವರಿ ಬಳ್ಳಿ ಹೂ ಚಂದ ಎಂದು ಯಾರೂ ನೆಡುವುದಿಲ್ಲ. ಹೂವು ಸಣ್ಣದು, ಮಸುಕು, ಜಡೆಗೂ ಬಾರದು, ದೇವರಿಗೂ ಬಾರದು. ಕಾಯಿ ಒಣಗಿ ಬುಡದಿಂದ ಬಿರಿದು ಎಳೆಗಳಲ್ಲಿ ತೂಗುವಾಗ ಮಾತ್ರ ನೋಡುವ ಹಾಗಿರುತ್ತದೆ. ಒಳಗೆ ತೆಳ್ಳನೆ ಬೀಜಗಳು ಒತ್ತಾಗಿ ಜೋಡಿಸಿಟ್ಟಿರುತ್ತವೆ. ನಾನು ಅವನ್ನು ಕುಂಡದಲ್ಲಿ ಸಸಿ ಮಾಡಿ, ಒಂದಡಿ ಎತ್ತರ ಬಂದ ಮೇಲೆ ಪಾಗಾರದ ಬುಡಕ್ಕೆ ದಾಟಿಸುತ್ತೇನೆ. ಕುಂಡದಲ್ಲೇ ಬಿಟ್ಟರೆ ಬರ್ಡ್‌ವಿಂಗಿನ ಒಂದು ಹುಳದ ಎರಡು ದಿನದ ಊಟಕ್ಕೂ ಸಾಲದು. ನೆಲದಲ್ಲಾದರೆ ಪೂರ್ತಿ ತಿಂದರೂ ಬೇರಿನಿಂದ ಮತ್ತೆ ಚಿಗುರುತ್ತದೆ.

ಈ ಸಲ ಮಿಕ್ಕ ಸಸಿಗೆ ಆಚೆಮನೆ ಅತ್ತಿಗೆ ಬೇಡಿಕೆ ಇಟ್ಟರು. ಚಿಟ್ಟೆಗಲ್ಲ. ಈಶ್ವರಿ ಬಳ್ಳಿ ಇದ್ದಲ್ಲಿ ಹಾವು ಸುಳಿಯುವುದಿಲ್ಲ ಎಂದು ನಮ್ಮ ಕಡೆ ಬಲವಾದ ನಂಬಿಕೆ. ಅವರ ಕಟ್ಟಿಗೆ ಗೂಡಿನ ಹತ್ತಿರ ಹೋದ ವರ್ಷ ನಾಗರ ಕಂಡಿತ್ತು. ಹಾವಿಗೂ ಬಳ್ಳಿಗೂ ಏನು ಸಂಬಂಧ ಎಂಬ ಚರ್ಚೆಗೆ ನಾನು ಹೋಗಲಿಲ್ಲ. ಸಸಿ ಕೊಟ್ಟೆ, ಒಂದೇ ಷರತ್ತು ಹಾಕಿದೆ. ಕಡುಗೆಂಪು ಹುಳ ಬಂದರೆ ಓಡಿಸಬಾರದು, ಮದ್ದು ಹೊಡೆಯಬಾರದು, ಎಷ್ಟು ಬೇಕಾದರೂ ತಿನ್ನಲಿ ಎಂದು. ಅತ್ತಿಗೆ ತಲೆ ಆಡಿಸಿ, ಸಸಿ ತೆಗೆದುಕೊಂಡು ದಣಪೆಯ ತನಕ ಹೋದವರು ಅಲ್ಲಿಂದ ತಿರುಗಿ ಕೇಳಿದರು, ‘ಅಲ್ದೇ ತಂಗಿ, ಹುಳ ಬಳ್ಳಿ ಪೂರ್ತಿ ತಿಂದು ಮುಗ್ಸಿದ್ರೆ ಹಾವಿಗೆ ಎಂತ ಮಾಡದು?’